ಆಡುವವರು ಇಬ್ಬರು, ನಡೆ ಹೇಳುವವರು ಹತ್ತು ಮಂದಿ

ಹುಲಿ-ಕುರಿ ಆಟಕ್ಕೆ ಬೇಕಾದದ್ದು ಬಹಳ ಸ್ವಲ್ಪ. ಒಂದು ಚಪ್ಪಡಿ ಕಲ್ಲು, ಅದರ ಮೇಲೆ ಇದ್ದಲಿನಿಂದ ಎಳೆದ ಗೀಟುಗಳು, ಹುಲಿಗಳೆಂದು ಮೂರು ದೊಡ್ಡ ಹರಳು, ಕುರಿಗಳೆಂದು ಹದಿನೈದು ಸಣ್ಣ ಹರಳು, ಆಡಲು ಇಬ್ಬರು. ಇಷ್ಟಿದ್ದರೆ ಆಟ ಸುರುವಾಗುತ್ತದೆ. ಆದರೆ ಟಿಕೋಟಾ, ಬಬಲೇಶ್ವರ ಕಡೆಯ ಗುಡಿಕಟ್ಟೆಗಳ ಮೇಲೆ ಈ ಆಟವನ್ನು ಕಂಡವರಿಗೆ ಗೊತ್ತು, ಈ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಸಾಮಗ್ರಿ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಅದೆಂದರೆ ಸುತ್ತ ನಿಂತು ನಡೆ ಹೇಳುವ ಮಂದಿ. "ಏ ತಮ್ಮಾ, ಆ ಮೂಲ್ಯಾಗ ಇಡಬ್ಯಾಡೋ, ಹುಲಿಗೆ ಹಾದಿ ಬಿಟ್ಟಂಗ ಆಕ್ಕೈತಿ" ಎಂದು ಒಬ್ಬರು. "ಇಡ್ಲಿ ಬಿಡ್ರಿ ಕಾಕಾ, ಒಂದು ಕುರಿ ಹೋದ್ರ ಹೋಗ್ಲಿ, ಹುಲಿ ಸಿಗ್ತೈತಿ" ಎಂದು ಇನ್ನೊಬ್ಬರು. ಆಡುವವನ ಬೆರಳು ಹರಳಿನ ಮೇಲೆ, ಕಿವಿ ಎರಡೂ ಕಡೆ. ಕೊನೆಗೆ ಅವನು ಇಡುವುದು ತಾನು ಎಣಿಸಿದ ಜಾಗದಲ್ಲೂ ಅಲ್ಲ, ಕಾಕಾ ಹೇಳಿದ ಜಾಗದಲ್ಲೂ ಅಲ್ಲ, ಎರಡರ ನಡುವಿನ ಯಾವುದೋ ಒಂದರಲ್ಲಿ. ಹುಲಿಗೆ ಅಂದು ಹಬ್ಬ.

ಈಗ ಅದೇ ಕಟ್ಟೆಯ ಮೇಲೆ ಕೂತ ಹುಡುಗನ ಕೈಯಲ್ಲಿ ಮೊಬೈಲ್ ಇದೆ. ಅವನು ಆಡುವುದು ಅಂತರ್ಜಾಲದ ಮೇಲಿನ ಚದುರಂಗ, ಇಲ್ಲವೇ ಕೋಟೆ ಕಟ್ಟಿ ದಂಡು ಕಳಿಸುವ ಯುದ್ಧತಂತ್ರದ ಆಟ. ಎದುರಾಳಿ ಎಲ್ಲಿಯವನೋ, ಜತೆಗಾರರು ಎಲ್ಲಿಯವರೋ. ನಡೆ ಹೇಳುವ ಮಂದಿ ಮಾತ್ರ ಕಡಿಮೆಯಾಗಿಲ್ಲ. ಪರದೆಯ ಮೂಲೆಯಲ್ಲಿ ಅಕ್ಷರಗಳಾಗಿ, ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ದನಿಯಾಗಿ ಅವರು ಬರುತ್ತಲೇ ಇರುತ್ತಾರೆ. ಹೀಗೆ ಕೇಳದೆ ಬರುವ ಸಲಹೆಯನ್ನು ಏನು ಮಾಡಬೇಕು ಎಂಬುದು ಇಂದು ಲಕ್ಷಾಂತರ ಆಟಗಾರರ ನಿತ್ಯದ ತಲೆನೋವು. ಪ್ರಶ್ನೆ ಹೊಸದೆಂದು ಅವರು ತಿಳಿದಿದ್ದರೆ ಅದು ಮಾತ್ರ ಸರಿಯಲ್ಲ. ಮನುಷ್ಯ ಗೀಟು ಎಳೆದು ಹರಳು ಇಟ್ಟ ದಿನದಿಂದಲೂ ಈ ಜಗಳ ನಡೆದೇ ಇದೆ.

ನೋಡುವವನಿಗೆ ಆಡುವವನಿಗಿಂತ ಹೆಚ್ಚು ಕಾಣುತ್ತದೆ ಎಂಬುದನ್ನು ಮೊದಲು ಒಪ್ಪಿಕೊಂಡುಬಿಡೋಣ. ಕಪ್ಪು ಬಿಳಿ ಕಲ್ಲುಗಳಿಂದ ಆಡುವ 'ಗೋ' ಎಂಬ ಆಟ ಜಪಾನಿನಲ್ಲಿ ನಮ್ಮ ಚದುರಂಗದಷ್ಟೇ ಮರ್ಯಾದೆಯ ಆಟ. ಪಕ್ಕದಲ್ಲಿ ನಿಂತವನಿಗೆ ಎಂಟು ನಡೆ ಮುಂದಿನದು ಕಾಣುತ್ತದೆ ಎಂಬ ಅರ್ಥದ ಗಾದೆಯೇ ಆ ಭಾಷೆಯಲ್ಲಿದೆ. ಕಾರಣ ಸರಳ. ನಿಂತವನಿಗೆ ಸೋಲಿನ ಭಯವಿಲ್ಲ. ಹಿಂದಿನ ನಡೆಯನ್ನು ಸಮರ್ಥಿಸಿಕೊಳ್ಳುವ ಹಟವಿಲ್ಲ. ಎದುರಾಳಿಯ ಮೋರೆ ನೋಡಿ ಕಸಿವಿಸಿಗೊಳ್ಳುವ ಪ್ರಮೇಯವಿಲ್ಲ. ತನ್ನ ಕುರಿಗಳನ್ನೇ ನೋಡುತ್ತ ಕೂತವನಿಗೆ ಹುಲಿಯ ಹಾದಿ ಮರೆಯಾದರೆ, ನಿಂತವನು ಎರಡನ್ನೂ ಒಂದೇ ಅಳತೆಯಲ್ಲಿ ನೋಡುತ್ತಾನೆ.

ಅದೇ ಜಪಾನಿನ ಜನ ಆ ಗಾದೆಯ ಇನ್ನೊಂದು ಮಗ್ಗುಲನ್ನೂ ಮರೆತಿಲ್ಲ. ಅಲ್ಲಿನ ಸಾಂಪ್ರದಾಯಿಕ ಗೋ ಮಣೆಗೆ ನಾಲ್ಕು ಗಿಡ್ಡ ಕಾಲುಗಳಿರುತ್ತವೆ. ಅವನ್ನು 'ಕುಚಿನಾಶಿ' ಎಂಬ ಗಿಡದ ಕಾಯಿಯ ಆಕಾರದಲ್ಲಿ ಕೆತ್ತುತ್ತಾರೆ. ಆ ಹೆಸರನ್ನು ಬಿಡಿಸಿ ಉಚ್ಚರಿಸಿದರೆ 'ಬಾಯಿ ಇಲ್ಲ' ಎಂಬ ಅರ್ಥ ಬರುತ್ತದೆ. ಆಟದ ಸುತ್ತ ನಿಂತವರು ಬಾಯಿ ತೆರೆಯಕೂಡದು ಎಂಬ ಸೂಚನೆಯನ್ನು ಮಣೆಯ ಕಾಲಿನಲ್ಲೇ ಇಟ್ಟಿದ್ದಾರೆ. ಮಣೆಯನ್ನು ಮಗುಚಿದರೆ ಕೆಳಗೊಂದು ಚೌಕದ ಗುಳಿ ಕಾಣುತ್ತದೆ. ಕಲ್ಲು ಇಟ್ಟಾಗ ದನಿ ಚೆನ್ನಾಗಿ ಬರಲಿ, ಮರ ಬಿರಿಯದಿರಲಿ ಎಂಬುದಕ್ಕಾಗಿ ಅದು. ಜನರ ಬಾಯಲ್ಲಿ ಉಳಿದಿರುವ ಕತೆ ಬೇರೆ: ನಡುವೆ ಬಾಯಿ ಹಾಕಿದವನ ತಲೆ ಕಡಿದು ಇಡಲು ಆ ಗುಳಿಯಂತೆ. ನಮ್ಮ ಕಟ್ಟೆಗಳಲ್ಲಿ ಈ ಪದ್ಧತಿ ಇದ್ದಿದ್ದರೆ ಊರಿಗೊಂದು ಗುಳಿ ಸಾಲುತ್ತಿರಲಿಲ್ಲ.

ಸರಿಯಾದ ನಡೆಯನ್ನು ಹೇಳಿದವನ ಮೇಲೇಕೆ ಇಷ್ಟು ಸಿಟ್ಟು? ಇಲ್ಲಿ ಸ್ವಲ್ಪ ನಿಲ್ಲಬೇಕು. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಇಬ್ಬರು ವಿದ್ವಾಂಸರು ಚದುರಂಗದ ಆಟಗಾರರ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಸೈಮನ್ ಮುಂದೆ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದವರು. ನಿಜವಾದ ಪಂದ್ಯವೊಂದರ ನಡುವಿನ ಸ್ಥಿತಿಯನ್ನು ಕೇವಲ ಐದು ಸೆಕೆಂಡು ತೋರಿಸಿ ಮುಚ್ಚಿದರೆ, ಪರಿಣತ ಆಟಗಾರ ಹೆಚ್ಚಿನ ಕಾಯಿಗಳನ್ನು ನೆನಪಿನಿಂದಲೇ ಮತ್ತೆ ಜೋಡಿಸಬಲ್ಲ. ಹೊಸಬನಿಗೆ ನಾಲ್ಕೈದು ಕಾಯಿ ನೆನಪಾದರೆ ಹೆಚ್ಚು. ಆದರೆ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರೆ ಪರಿಣತನ ಮೇಲುಗೈ ಬಹುಪಾಲು ಕರಗಿಹೋಗುತ್ತದೆ. ಇದರರ್ಥ, ಬಲ್ಲವನು ಕಾಯಿಗಳನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ, ಗುಂಪುಗುಂಪಾಗಿ, ಒಂದಕ್ಕೊಂದು ಅರ್ಥವುಳ್ಳ ಕಂತೆಗಳಾಗಿ ನೋಡುತ್ತಾನೆ. ಹೊಸಬನ ತಲೆಯಲ್ಲಿ ಇನ್ನೂ ಆ ಕಂತೆಗಳು ಕಟ್ಟಿಕೊಂಡಿಲ್ಲ.

ನಡೆ ಹೇಳುವವನು ಎಡವುವುದು ಇಲ್ಲೇ. ಅವನು ತನ್ನ ಕಂತೆಯನ್ನು ಕೊಡಲಾರ, ಅದರ ತುದಿಯ ಒಂದು ಎಳೆಯನ್ನು ಮಾತ್ರ ಕೊಡಬಲ್ಲ. "ಕುದುರಿ ನಡಸು" ಎಂದರೆ ಆಯಿತೇ? ಆ ಕುದುರೆಯ ಹಿಂದೆ ಅವನ ಮನಸ್ಸಿನಲ್ಲಿ ಮುಂದಿನ ನಾಲ್ಕು ನಡೆಗಳಿವೆ. ಆನೆಯನ್ನು ಯಾವಾಗ ಹೊರತೆಗೆಯಬೇಕು, ಯಾವ ಕಾಲಾಳನ್ನು ಬಿಟ್ಟುಕೊಡಬೇಕು ಎಂಬ ಲೆಕ್ಕವಿದೆ. ಕೇಳಿಸಿಕೊಂಡವನ ಮನಸ್ಸಿನಲ್ಲಿ ಇರುವುದು ಬೇರೆಯೇ ಸರಣಿ. ಅವನು ಮಾತಿಗೆ ಕಟ್ಟುಬಿದ್ದು ಕುದುರೆಯನ್ನು ನಡೆಸುತ್ತಾನೆ, ಮುಂದಿನ ನಡೆಗೆ ತನ್ನ ಹಳೆಯ ಸರಣಿಗೆ ಮರಳುತ್ತಾನೆ. ಒಳ್ಳೆಯ ನಡೆಯೊಂದು ಅನಾಥವಾಗಿ ಹಲಗೆಯ ನಡುವೆ ನಿಂತಿರುತ್ತದೆ. ಒಳ್ಳೆಯ ಸಲಹೆಯಿಂದ ಆಟ ಕೆಡುವುದು ಹೀಗೆ. ಟಿಕೋಟಾ ಸುತ್ತಿನ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಳ್ಳಿ ಸವರುವ ಚಾಟ್ನಿಯ ದಿನ ಒಬ್ಬನ ಮಾತು, ಔಷಧ ಹೊಡೆಯುವ ದಿನ ಇನ್ನೊಬ್ಬನ ಮಾತು ಕೇಳಿದ ತೋಟದ ಗತಿ ಏನಾಗುತ್ತದೆಂದು ಅವರು ಕಂಡಿದ್ದಾರೆ. ಎರಡೂ ಮಾತು ತಮ್ಮ ತಮ್ಮ ತೋಟದಲ್ಲಿ ಸರಿಯಾಗಿಯೇ ಇದ್ದಿರಬಹುದು.

ತೋಟದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಮಣೂಕ ಒಣಗುವ ಮುನ್ನ ಮಳೆ ಬಿದ್ದರೆ ಹಾನಿ ತೋಟದವನದು, ಸಲಹೆ ಕೊಟ್ಟವನದಲ್ಲ. ಆಟದಲ್ಲೂ ಸಿಟ್ಟಿನ ಬೇರು ಇರುವುದು ಅಲ್ಲೇ. ನಡೆ ತಪ್ಪೋ ಸರಿಯೋ ಎಂಬುದು ಎರಡನೆಯ ಮಾತು. ಸೋತರೆ ಯಾರ ಲೆಕ್ಕಕ್ಕೆ ಬರೆಯುತ್ತಾರೆ ಎಂಬುದು ಮೊದಲನೆಯದು.

ಈ ಪ್ರಶ್ನೆಯನ್ನು ಅತ್ಯಂತ ಘೋರವಾಗಿ ಎತ್ತಿದ ಆಟ ನಮ್ಮ ಎಲ್ಲರಿಗೂ ಗೊತ್ತಿರುವುದೇ. ಹಸ್ತಿನಾವತಿಯ ದ್ಯೂತಸಭೆಯಲ್ಲಿ ಪಣ ಒಡ್ಡಿದವನು ದುರ್ಯೋಧನ, ದಾಳ ಹಾಕಿದವನು ಶಕುನಿ. ವ್ಯಾಸಭಾರತದಲ್ಲಿ ಆಟ ಸುರುವಾಗುವ ಮುನ್ನವೇ ಧರ್ಮರಾಯ ಇದಕ್ಕೆ ಆಕ್ಷೇಪ ಎತ್ತುತ್ತಾನೆ. ಒಬ್ಬನಿಗಾಗಿ ಇನ್ನೊಬ್ಬ ಆಡುವುದು ತನಗೆ ಸಮವಾಗಿ ಕಾಣುವುದಿಲ್ಲ ಎನ್ನುತ್ತಾನೆ. ಆಕ್ಷೇಪ ಎತ್ತಿಯೂ ಆಡಲು ಕೂರುತ್ತಾನೆ. ಅದು ಅವನ ದೌರ್ಬಲ್ಯ. ಆಕ್ಷೇಪವಂತೂ ನ್ಯಾಯವಾದದ್ದೇ. ಕೈ ಒಬ್ಬನದು, ಗಂಟು ಇನ್ನೊಬ್ಬನದು ಆದಾಗ ಆಟದ ತಕ್ಕಡಿ ಓರೆಯಾಗುತ್ತದೆ.

ಅದೇ ಸಭೆಯಲ್ಲಿ ಕೇಳದೆ ಸಲಹೆ ಕೊಟ್ಟವನೊಬ್ಬನಿದ್ದಾನೆ. ಅವನು ವಿದುರ. ಆಟ ಕೈಮೀರುತ್ತಿದ್ದಾಗ ಅವನು ನಡುವೆ ಎದ್ದು, ಇದನ್ನು ನಿಲ್ಲಿಸು ಎಂದು ಧೃತರಾಷ್ಟ್ರನಿಗೆ ಹೇಳುತ್ತಾನೆ. ದುರ್ಯೋಧನ ಸಿಡಿದೇಳುತ್ತಾನೆ. ತನಗೆ ಯಾವುದು ಹಿತ ಎಂದು ವಿದುರನನ್ನು ತಾನು ಕೇಳಿಯೇ ಇಲ್ಲವಲ್ಲ ಎಂಬುದು ಅವನ ಉತ್ತರದ ಸಾರ. ಇಂದು ಮೊಬೈಲಿನಲ್ಲಿ ಆಡುವ ಹುಡುಗ ಸಿಟ್ಟಿನಿಂದ ಬೆರಳಚ್ಚು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ವಿದುರ ಯಾವ ದಾಳ ಹೇಗೆ ಹಾಕಬೇಕೆಂದು ಯಾರಿಗೂ ಹೇಳಲಿಲ್ಲ. ಅವನು ಆಟಗಾರರ ಬೆನ್ನ ಹಿಂದೆ ನಿಂತು ನಡೆ ಹೇಳಲಿಲ್ಲ. ಆಟವನ್ನು ನಿಲ್ಲಿಸುವ ಅಧಿಕಾರವಿದ್ದ ಒಬ್ಬನೇ ವ್ಯಕ್ತಿಗೆ ಹೇಳಿದ. ಪಣಕ್ಕೆ ಬಿದ್ದದ್ದು ಆ ಮನೆಯ ಮಾನ, ವಿದುರ ಆ ಮನೆಯವನು. ಆದ್ದರಿಂದ ಸೋಲಿನಲ್ಲಿ ಅವನಿಗೂ ಪಾಲಿತ್ತು. ಕೇಳದ ಸಲಹೆಯೆಲ್ಲ ಒಂದೇ ಜಾತಿಯದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ದೊಡ್ಡವರ ಸುತ್ತ ಸಲಹೆಗಾರರ ಗುಂಪು ನೆರೆಯುವುದಕ್ಕೆ ವಿಜಯನಗರದ ಕಾಲದ ಒಂದು ಕತೆ ಚೆನ್ನಾಗಿ ಹೊಂದುತ್ತದೆ. ಹಂಪಿಯ ಮಂಟಪಗಳ ನೆಲಹಾಸಿನ ಮೇಲೆ ಕೆತ್ತಿದ ಆಟದ ಮನೆಗಳನ್ನು ಇಂದಿಗೂ ನೋಡಬಹುದು. ಅಂಥ ಆಟಗಳ ಊರಿನ ಅರಸ ಕೃಷ್ಣದೇವರಾಯನೊಡನೆ ಬೊಡ್ಡುಚರ್ಲ ತಿಮ್ಮನ ಎಂಬ ತೆಲುಗು ಕವಿ ಚದುರಂಗ ಆಡುತ್ತಿದ್ದನೆಂದೂ, ಸದಾ ಗೆಲ್ಲುತ್ತಿದ್ದನೆಂದೂ ಪ್ರತೀತಿ. ಎದುರಿಗೆ ನೂರು ಜನ ಒಂದಾಗಿ ನಿಂತರೂ ಗೆಲುವು ತಿಮ್ಮನನದೇ ಎಂಬ ಅರ್ಥದ ಒಂದು ಚಾಟುಪದ್ಯ ಆಂಧ್ರದಲ್ಲಿ ಪ್ರಸಿದ್ಧ. ಆ ನೂರು ಜನ ಯಾರು? ರಾಯನ ಪಕ್ಕದಲ್ಲಿ ನಿಂತು "ಪ್ರಭೂ, ಆನೆ ನಡೆಸಿ" ಎನ್ನುತ್ತಿದ್ದ ಆಸ್ಥಾನಿಕರೇ ಇರಬೇಕೆಂದು ನನ್ನ ಊಹೆ. ನೂರು ಬುದ್ಧಿ ಕೂಡಿದರೆ ಒಂದು ದೊಡ್ಡ ಬುದ್ಧಿ ಆಗಬೇಕಾಗಿಲ್ಲ. ಅರಸನ ಚದುರಂಗದ ಮುಂದೆ ಅದು ನೂರು ಗದ್ದಲವೂ ಆಗಬಹುದು.

ಗದ್ದಲವನ್ನು ತಡೆಯಲು ಆಟಗಳು ಕಾಯಿದೆ ಮಾಡಿಕೊಂಡವು. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟದ ನಿಯಮದಂತೆ, ಆಟ ನಡೆಯುವಾಗ ಆಟಗಾರ ಯಾವುದೇ ಟಿಪ್ಪಣಿಯನ್ನಾಗಲಿ ಸಲಹೆಯನ್ನಾಗಲಿ ಬಳಸುವಂತಿಲ್ಲ. ಪ್ರೇಕ್ಷಕರು ಆಟದಲ್ಲಿ ತಲೆಹಾಕುವಂತಿಲ್ಲ, ಹಾಕಿದರೆ ತೀರ್ಪುಗಾರ ಅವರನ್ನು ಹೊರಗೆ ಕಳಿಸಬಹುದು. ನಿಯಮ ಮೀರಿದ್ದನ್ನು ಕಣ್ಣಾರೆ ಕಂಡರೂ ಆಟಗಾರನಿಗೆ ಹೇಳುವಂತಿಲ್ಲ, ತೀರ್ಪುಗಾರನಿಗಷ್ಟೇ ಹೇಳಬೇಕು. ವಿದುರ ಧೃತರಾಷ್ಟ್ರನಿಗೆ ಹೇಳಿದ ಹಾಗೆ. ಇಸ್ಪೀಟಿನ ಬ್ರಿಜ್ ಆಟದಲ್ಲಂತೂ, ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಕೂತ ಜತೆಗಾರನೇ ಆಡುವವನಿಗೆ ಇಂಥ ಎಲೆ ಹಾಕು ಎನ್ನುವಂತಿಲ್ಲ. ಸೋಲುಗೆಲುವಿನಲ್ಲಿ ಅವನಿಗೆ ಸಮಪಾಲು ಇದ್ದರೂ ಬಾಯಿ ಮುಚ್ಚಿಕೊಂಡಿರಬೇಕು. ಚದುರಂಗದ ತಂಡ ಪಂದ್ಯಗಳಲ್ಲಿ ತಂಡದ ನಾಯಕನಿಗೆ ಬಹುಕಾಲ ಇದ್ದ ಸವಲತ್ತು ಇಷ್ಟೇ: ಆಟವನ್ನು ಸಮ ಮಾಡಿಕೋ, ಇಲ್ಲವೇ ಸೋಲೊಪ್ಪಿಕೋ ಎಂದು ಹೇಳಬಹುದು. ಯಾವ ಕಾಯಿ ನಡೆಸು ಎಂದಲ್ಲ.

ಈ ಎಚ್ಚರ ವಿಪರೀತಕ್ಕೆ ಹೋದ ಪ್ರಸಂಗವೂ ಉಂಟು. 1978ರಲ್ಲಿ ಫಿಲಿಪೈನ್ಸಿನ ಬಾಗಿಯೋದಲ್ಲಿ ಕಾರ್ಪೋವ್ ಮತ್ತು ಕೋರ್ಚ್‌ನಾಯ್ ನಡುವೆ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯ ನಡೆದಿತ್ತು. ಆಟದ ನಡುವೆ ಕಾರ್ಪೋವ್‌ಗೆ ಒಂದು ಬಟ್ಟಲು ಹಣ್ಣಿನ ಮೊಸರು ಬಂತು. ಕೋರ್ಚ್‌ನಾಯ್ ಪಾಳೆಯ ದೂರು ಕೊಟ್ಟಿತು: ಯಾವ ಹಣ್ಣಿನ ಮೊಸರು, ಯಾವ ಹೊತ್ತಿಗೆ ಎಂಬುದೇ ಒಂದು ಸಂಕೇತವಾಗಿರಬಹುದಲ್ಲ? ಕೊನೆಗೆ ಇಂಥ ಬಣ್ಣದ ಮೊಸರು, ಇಂಥ ವೇಳೆಗೆ ಮಾತ್ರ ಎಂದು ಗೊತ್ತುಮಾಡಬೇಕಾಯಿತು. ಜೋಳದ ರೊಟ್ಟಿಯ ಜತೆ ಮೊಸರು ಹಾಕಿಕೊಳ್ಳುವ ನಮ್ಮ ಕಡೆಯವರಿಗೆ ಇದು ನಗೆಯ ವಿಷಯ. ಆದರೆ ಒಂದೇ ಒಂದು ಪಿಸುಮಾತು ಆಟವನ್ನು ತಿರುಗಿಸಬಲ್ಲದು ಎಂಬ ಭಯ ಎಷ್ಟು ಆಳವಾದದ್ದು ಎಂಬುದನ್ನು ಆ ಬಟ್ಟಲು ಹೇಳುತ್ತದೆ.

ಪಿಸುಮಾತು ಎಂದೊಡನೆ ವಿಜಯಪುರದವರಿಗೆ ನೆನಪಾಗುವುದು ಗೋಳಗುಮ್ಮಟ. ಅದರ ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ಒಂದು ಬದಿ ನಿಂತು ಗೋಡೆಗೆ ಮೋರೆ ಮಾಡಿ ಪಿಸುಗುಟ್ಟಿದರೆ, ಸುಮಾರು 38 ಮೀಟರಿನಾಚೆ ಎದುರು ಬದಿಯಲ್ಲಿದ್ದವನಿಗೆ ಕೇಳುತ್ತದೆ. ಜೋರಾಗಿ ಕೂಗಿದರೆ ಏಳು ಸಲ ಮರುದನಿ ಎನ್ನುತ್ತಾರೆ. ರಜೆಯ ದಿನ ಮೇಲೆ ಹತ್ತಿದವರಿಗೆ ಇನ್ನೊಂದು ಅನುಭವವೂ ಆಗಿರುತ್ತದೆ. ನೂರು ಮಕ್ಕಳು ಒಮ್ಮೆಲೇ ಕೂಗುವಾಗ ಆ ಪಿಸುಮಾತು ಯಾರಿಗೂ ಕೇಳುವುದಿಲ್ಲ, ಗುಮ್ಮಟ ಮಾತ್ರ ಮೊಳಗುತ್ತಿರುತ್ತದೆ. ಅಂತರ್ಜಾಲದ ಆಟದಂಗಳವೂ ಹಾಗೆಯೇ. ಯಾವ ಮೂಲೆಯ ಪಿಸುಮಾತೂ ಎಲ್ಲರ ಕಿವಿಗೆ ತಲುಪಬಲ್ಲದು, ಆದ್ದರಿಂದ ಎಲ್ಲರೂ ಕೂಗುತ್ತಾರೆ.

ಅಂತರ್ಜಾಲದಲ್ಲಿ ಚದುರಂಗ ಆಡುವ ಮೊದಲ ದೊಡ್ಡ ಅಂಗಳ ತೆರೆದದ್ದು 1992ರಲ್ಲಿ. ಚಿತ್ರವಿಲ್ಲದ, ಬರೀ ಅಕ್ಷರಗಳ ಆ ಕಾಲದ ಅಂಗಳಗಳನ್ನು ಕಟ್ಟಿದವರು ನೋಡುಗರ ಬಾಯಿಯ ಬಗ್ಗೆ ಬಲ್ಲವರಾಗಿದ್ದರು. ಆಟ ನೋಡುವವರಿಗೆ ಅಲ್ಲಿ ಎರಡು ಬಗೆಯ ಆಜ್ಞೆಗಳು ರೂಢಿಗೆ ಬಂದವು. ಒಂದು 'ವಿಸ್ಪರ್'. ಇದರಿಂದ ಕಳಿಸಿದ ಮಾತು ಉಳಿದ ನೋಡುಗರಿಗಷ್ಟೇ ಕಾಣುತ್ತದೆ, ಆಡುವವರಿಗೆ ಕಾಣುವುದಿಲ್ಲ. ಇನ್ನೊಂದು 'ಕಿಬಿಟ್ಜ್'. ಇದು ಆಡುವವರಿಗೂ ಕಾಣುತ್ತದೆ. ಈ ಎರಡನೆಯ ಶಬ್ದ ಇಂಗ್ಲಿಷಿಗೆ ಬಂದದ್ದು ಯೂರೋಪಿನ ಯಹೂದ್ಯರ ಯಿಡ್ಡಿಷ್ ನುಡಿಯಿಂದ, ಅದಕ್ಕೆ ಮೂಲ ಜರ್ಮನ್ ಭಾಷೆಯ ಒಂದು ಹಕ್ಕಿಯ ಹೆಸರು. ಆ ಹಕ್ಕಿ ನಮ್ಮ ಟಿಟ್ಟಿಭದ ದಾಯಾದಿ. ಹೊಲದ ಬದುವಿನ ಮೇಲೆ ಯಾರು ಕಾಲಿಟ್ಟರೂ, ಹಗಲಿರಲಿ ರಾತ್ರಿಯಿರಲಿ, ಮೇಲೆ ಹಾರುತ್ತ ಒಂದೇ ಸಮನೆ ಚೀರುವ ಟಿಟ್ಟಿಭವನ್ನು ಕಂಡ ರೈತನಿಗೆ ಈ ಶಬ್ದದ ಅರ್ಥವನ್ನು ಬೇರೆ ಹೇಳಬೇಕೇ?

ಸಲಹೆ ಕೇಳಿಯೇ ಆಡಿದರೆ ಹೇಗಿರುತ್ತದೆ ಎಂಬುದಕ್ಕೂ ಒಂದು ದೊಡ್ಡ ಪರೀಕ್ಷೆ ನಡೆದಿದೆ. 1999ರಲ್ಲಿ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಒಂದು ಕಡೆ, ಇಡೀ ಜಗತ್ತು ಇನ್ನೊಂದು ಕಡೆ ಕೂತು ಅಂತರ್ಜಾಲದಲ್ಲಿ ಒಂದೇ ಒಂದು ಆಟ ಆಡಿದರು. 75ಕ್ಕೂ ಹೆಚ್ಚು ದೇಶಗಳ 50 ಸಾವಿರಕ್ಕೂ ಹೆಚ್ಚು ಜನ ಮತ ಹಾಕಿ ಜಗತ್ತಿನ ನಡೆಗಳನ್ನು ಆರಿಸಿದರು. ನಾಲ್ವರು ಎಳೆಯ ಆಟಗಾರರು ಅಧಿಕೃತ ಸಲಹೆಗಾರರು. ಅವರಲ್ಲಿ 15 ವರ್ಷದ ಐರಿನಾ ಕ್ರುಶ್ ಎಂಬ ಹುಡುಗಿಯ ವಿವರಣೆಗಳನ್ನು ಜನ ಹೆಚ್ಚು ನಂಬಿದರು. ನಾಲ್ಕು ತಿಂಗಳು ನಡೆದ ಆಟ 62 ನಡೆಗಳಿಗೆ ಮುಗಿಯಿತು. ಗೆದ್ದದ್ದು ಕ್ಯಾಸ್ಪರೋವ್. ಆದರೆ ಬೆವರಿಳಿಸಿಯೇ ಗೆಲ್ಲಬೇಕಾಯಿತು. ರಾಯನ ನೂರು ಜನ ಸೋತಲ್ಲಿ ಈ 50 ಸಾವಿರ ಜನ ಅಷ್ಟು ಹೊತ್ತು ನಿಂತದ್ದು ಹೇಗೆ? ಇಲ್ಲಿ ಒಂದೊಂದು ನಡೆಗೆ ಒಂದು ದಿನದ ಅವಕಾಶವಿತ್ತು. ಬರೀ ನಡೆ ಹೇಳಿದರೆ ಸಾಲದು, ಏಕೆ ಎಂದೂ ಹೇಳಬೇಕಿತ್ತು. ಮುಖ್ಯವಾಗಿ, ಹೇಳಿದವರೇ ಆಡುವವರೂ ಆಗಿದ್ದರು. ಸೋಲು ಅವರ ಲೆಕ್ಕಕ್ಕೇ ಬರೆಯುವಂಥದ್ದು.

ಇಲ್ಲಿಂದ ಇಂದಿನ ಹುಡುಗರ ತಂಡದಾಟಗಳಿಗೆ ಬಂದರೆ ಗಂಟು ಇನ್ನಷ್ಟು ಬಿಗಿಯಾಗುತ್ತದೆ. 2012ರಲ್ಲಿ ಬಂದ 'ಕ್ಲ್ಯಾಶ್ ಆಫ್ ಕ್ಲ್ಯಾನ್ಸ್' ಎಂಬ ಆಟವನ್ನೇ ನೋಡಿ. ಒಂದು ಕ್ಲ್ಯಾನ್ ಅಂದರೆ ಬಳಗದಲ್ಲಿ 50 ಜನ ಇರಬಹುದು. 2014ರಲ್ಲಿ ಸೇರಿಸಿದ ಬಳಗಗಳ ನಡುವಿನ ಯುದ್ಧದಲ್ಲಿ ಒಬ್ಬೊಬ್ಬನಿಗೆ ಎರಡೇ ದಾಳಿ. ಒಂದು ದಾಳಿಗೆ ಮೂರು ನಿಮಿಷ. ಗೆದ್ದ ನಕ್ಷತ್ರಗಳು ಆಡಿದವನವು ಮಾತ್ರವಲ್ಲ, ಇಡೀ ಬಳಗದ ಲೆಕ್ಕಕ್ಕೆ ಹೋಗುತ್ತವೆ. ಅಂದಮೇಲೆ ಹಿಂದೆ ನಿಂತು "ಆ ಕಡಿಂದ ಹೊಡಿ" ಎನ್ನುವವನು ಕಟ್ಟೆಯ ಕಾಕಾನ ಹಾಗೆ ಬರೀ ನೋಡುಗನೆನ್ನಲಾದೀತೇ? ಅವನ ನಕ್ಷತ್ರವೂ ಅಲ್ಲಿದೆ. ಅವನಿಗೆ ಮಾತಾಡುವ ಹಕ್ಕಿಲ್ಲ ಎಂದರೆ ಅನ್ಯಾಯ.

ಇದರ ಮಾದರಿ ನಮ್ಮ ಪಗಡೆಯಲ್ಲಿ ಹಿಂದಿನಿಂದಲೂ ಇದೆ. ನಾಲ್ವರು ಆಡುವ ಪಗಡೆಯಲ್ಲಿ ಎದುರುಬದುರು ಕೂತವರು ಜೋಡಿ. ಒಬ್ಬನ ಕಾಯಿಗಳೆಲ್ಲ ಮನೆ ಸೇರಿದರೂ ಜತೆಗಾರನವು ಸೇರುವವರೆಗೆ ಗೆಲುವಿಲ್ಲ. ಆದ್ದರಿಂದ ಅಲ್ಲಿ ಜೋಡಿಗಳು ಮಾತಾಡಿಕೊಳ್ಳುತ್ತಾರೆ, ಕಣ್ಣಲ್ಲೇ ಹೇಳುತ್ತಾರೆ, ಜಗಳವನ್ನೂ ಆಡುತ್ತಾರೆ. ಅದನ್ನು ಯಾರೂ ಉಸಾಬರಿ ಎನ್ನುವುದಿಲ್ಲ. ಅದೇ ಹೊತ್ತಿಗೆ ಜೋಡಿಯಲ್ಲದ ಮೂರನೆಯವನು ಬಾಯಿ ಹಾಕಿದರೆ, "ನಿಮ್ಮ ಕಾಯಿ ಯಾವುದ್ರಿ ಇದರಾಗ?" ಎಂಬ ಪ್ರಶ್ನೆ ಬರುತ್ತದೆ. ಸಲಹೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ. ಹೇಳುವವನ ಕಾಯಿ ಈ ಆಟದಲ್ಲಿ ಇದೆಯೇ? ಇದ್ದರೆ ಅವನ ಮಾತು ಕೇಳಿಸಿಕೊಳ್ಳುವುದು ಧರ್ಮ, ಒಪ್ಪುವುದು ಬಿಡುವುದು ಬೇರೆ. ಇಲ್ಲದಿದ್ದರೆ ಕೇಳಿಸಿಕೊಳ್ಳುವುದೂ ಕೃಪೆಯೇ.

ಎದುರಾಳಿಯೇ ಸಲಹೆ ಕೊಡುವುದೂ ಉಂಟು. ಗೆಲ್ಲುವ ಹಂತಕ್ಕೆ ಬಂದವನು "ಆ ಕಾಯಿ ಮೊದಲೇ ತೆಗೀಬೇಕಿತ್ತು ನೋಡು" ಎನ್ನುತ್ತಾನೆ. ಇದನ್ನು ಸಲಹೆ ಎಂದು ಕರೆಯುವುದು ಆ ಶಬ್ದಕ್ಕೆ ಅವಮಾನ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕಟ್ಟೆಗೂ ಪರದೆಗೂ ಇರುವ ದೊಡ್ಡ ಅಂತರ ಬೇರೆಡೆ ಇದೆ. ಕಟ್ಟೆಯಲ್ಲಿ ಸಲಹೆಗೆ ಒಂದು ಮೋರೆ ಇತ್ತು. ಹೇಳಿದವರು ಯಾರು, ಅವರು ಹಿಂದೆ ಹೇಗೆ ಆಡಿದ್ದರು, ಅವರ ಮಾತಿಗೆ ಎಷ್ಟು ತೂಕ ಎಂಬುದು ಊರಿಗೆಲ್ಲ ಗೊತ್ತಿತ್ತು. ಮಾತು ಮೀರಿದರೆ ಒಂದು ಔಷಧವೂ ಇತ್ತು. ಆಡುವವನು ಎದ್ದು ನಿಂತು, ಕೈಯಲ್ಲಿನ ಹರಳನ್ನು ಮುಂದೆ ಹಿಡಿದು, "ಕಾಕಾ, ನೀವ ಕೂಡ್ರಿ, ನಾ ನೋಡ್ತೀನಿ" ಎನ್ನುತ್ತಿದ್ದ. ಇದರಲ್ಲಿ ಮರ್ಯಾದೆಗೆ ಕುಂದಿಲ್ಲ, ಆದರೆ ಮೊನೆ ಇದೆ. ನಿಂತು ಹೇಳುವುದು ಸುಲಭ, ಕೂತು ಸೋಲುವುದು ಕಷ್ಟ ಎಂದು ಹತ್ತು ಜನರ ಮುಂದೆ ತೋರಿಸಿಕೊಡುವ ಕರೆ ಅದು. ಹೆಚ್ಚಿನ ಕಾಕಾಗಳು ಆಮೇಲೆ ಅರ್ಧ ತಾಸು ಸುಮ್ಮನಿರುತ್ತಿದ್ದರು. ನಿಜವಾಗಿಯೂ ಬಲ್ಲವರಾದರೆ ಕೂತು ಆಡಿ ತೋರಿಸುತ್ತಿದ್ದರು, ಅದೂ ಲಾಭವೇ. ಪರದೆಯ ಮೇಲೆ ಈ ಕರೆ ಸಾಗುವುದಿಲ್ಲ. ಅಲ್ಲಿ ಸಲಹೆಗಾರನಿಗೆ ಊರಿಲ್ಲ, ವಯಸ್ಸಿಲ್ಲ. ಮೇಲೆ ಹೇಳಿದ ಆಟದಲ್ಲಿ 'ಎಲ್ಡರ್' ಅಂದರೆ ಹಿರಿಯ ಎಂಬ ಪದವಿಯೇ ಇದೆ. ಅದನ್ನು ಹೊತ್ತವನು ಹೈಸ್ಕೂಲು ಹುಡುಗನಿರಬಹುದು. ಅವನ ಮಾತಿನ ತೂಕ ಅಳೆಯಲು ಕೇಳುವವನಿಗೆ ಉಳಿದಿರುವುದು ಮಾತೊಂದೇ.

ಆದ್ದರಿಂದ ಮಾತನ್ನೇ ಅಳೆಯಬೇಕು. ಅದಕ್ಕೆ ಒಳ್ಳೆಯ ಪಡಿ 'ಯಾಕೆ?' ಎಂಬ ಒಂದೇ ಪ್ರಶ್ನೆ. ಬಲ್ಲವನು ಕಾರಣ ಹೇಳುತ್ತಾನೆ. ಬಲ್ಲದವನು ಅದೇ ಮಾತನ್ನು ಇನ್ನೂ ಜೋರಾಗಿ ಹೇಳುತ್ತಾನೆ. ಮೂರು ನಿಮಿಷದ ದಾಳಿಯ ನಡುವೆ 'ಯಾಕೆ' ಎಂದು ಕೇಳುತ್ತ ಕೂರಲು ಬರುವುದಿಲ್ಲ ಎಂಬುದೂ ನಿಜ. ಆಗ 'ಆಟ ಮುಗಿದ ಮೇಲೆ ಹೇಳ್ರಿ' ಎಂಬ ಒಂದು ಸಾಲು ಸಾಕು. ಇದು ಸಲಹೆಯನ್ನು ತಳ್ಳಿಹಾಕುವುದಿಲ್ಲ, ಅದಕ್ಕೊಂದು ವೇಳೆ ಗೊತ್ತುಮಾಡುತ್ತದೆ. ನಿಜವಾಗಿ ಕಲಿಸಬೇಕೆಂದು ಇದ್ದವನು ಕಾಯುತ್ತಾನೆ. ಕಾಯದೆ ಕಿರುಚುವವನಿಗೆ ಬೇಕಿರುವುದು ಕಲಿಸುವುದಲ್ಲ, ತನ್ನ ಜಾಣತನಕ್ಕೆ ಕಿವಿಗಳು. ಅಂಥವರಿಗಾಗಿ 'ಮ್ಯೂಟ್' ಎಂಬ ಗುಂಡಿಯನ್ನು ಇಂದು ಹೆಚ್ಚಿನ ಆಟಗಳು ಕೊಟ್ಟಿವೆ. ಅದನ್ನು ಒತ್ತುವುದು ಉದ್ಧಟತನವೆಂದು ನಮ್ಮ ಮಕ್ಕಳು ಸಂಕೋಚಪಡುತ್ತಾರೆ. ಹಿರಿಯರ ಮಾತಿಗೆ ಕಿವಿ ಮುಚ್ಚಬಾರದೆಂದು ಕಲಿತು ಬೆಳೆದವರಿಗೆ ಸಹಜವಾದ ಸಂಕೋಚವೇ. ಆದರೆ ಗೋ ಮಣೆಯ ಕಾಲಿನಲ್ಲಿ ಕೆತ್ತಿದ 'ಬಾಯಿ ಇಲ್ಲ' ಎಂಬುದಕ್ಕೂ ಈ ಗುಂಡಿಗೂ ವ್ಯತ್ಯಾಸವೇನೂ ಇಲ್ಲ.

ಇನ್ನು ಹೇಳುವವರ ಕಡೆಗೆ ಒಂದು ಮಾತು. 1966ರಲ್ಲಿ ಜ್ಯಾಕ್ ಬ್ರೆಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ವಿಚಾರ ಮಂಡಿಸಿದರು. ತನ್ನ ಆಯ್ಕೆಯ ಸ್ವಾತಂತ್ರ್ಯ ಕಿತ್ತುಕೊಳ್ಳಲಾಗುತ್ತಿದೆ ಎಂದು ಮನುಷ್ಯನಿಗೆ ಅನ್ನಿಸಿದರೆ, ಆ ಆಯ್ಕೆಯೇ ಅವನಿಗೆ ಹೆಚ್ಚು ಪ್ರಿಯವಾಗುತ್ತದೆ. ಬೇಡ ಎಂದ ಬಾವಿಗೇ ಹಣಿಕಿ ಹಾಕುವ ಹುಡುಗನನ್ನು ಕಂಡ ತಾಯಂದಿರಿಗೆ ಇದು ಹೊಸ ಸಂಶೋಧನೆ ಅಲ್ಲ. ಕಾಕಾ "ಅಲ್ಲಿ ಇಡಬ್ಯಾಡ" ಎಂದ ಕ್ಷಣದಿಂದ ಆ ಜಾಗದ ಮೇಲೆ ಹುಡುಗನಿಗೆ ಮೋಹ ಹುಟ್ಟುತ್ತದೆ. ನಡೆಯನ್ನು ತಪ್ಪಿಸಬೇಕೆಂದು ಹೋಗಿ, ಅದೇ ನಡೆಯನ್ನು ಗಟ್ಟಿ ಮಾಡಿಬಿಟ್ಟಿರುತ್ತಾರೆ. "ಒಂದು ಮಾತು ಹೇಳ್ಲೇನು?" ಎಂದು ಮೊದಲು ಕೇಳಿದರೆ ಈ ಹಟ ಅರ್ಧ ಕರಗುತ್ತದೆ. ಬೇಡ ಎಂದು ಉತ್ತರ ಬಂದರೆ ಸುಮ್ಮನಾಗುವ ಸೈರಣೆಯೂ ಜತೆಗೆ ಇರಬೇಕು ಅಷ್ಟೆ.

ಹೊಸದಾಗಿ ಕಲಿಯುವವರ ವಿಷಯದಲ್ಲಿ ಇದು ಬರೀ ಶಿಷ್ಟಾಚಾರದ ಮಾತಾಗಿ ಉಳಿಯುವುದಿಲ್ಲ. ಚೇಸ್ ಮತ್ತು ಸೈಮನ್ ಹೇಳಿದ ಆ ಕಂತೆಗಳು ತಲೆಯಲ್ಲಿ ಕಟ್ಟಿಕೊಳ್ಳುವುದು ತಾನೇ ನೋಡಿ, ತಾನೇ ಎಣಿಸಿ, ತಾನೇ ಸೋತಾಗ. ಪ್ರತಿ ನಡೆಯೂ ಬೇರೆಯವರ ಬಾಯಿಂದ ಬಂದರೆ ಹುಡುಗ ಗೆಲ್ಲಬಹುದು, ಆಟ ಕಲಿಯಲಾರ. ಹುಡುಗಿಯರ ಪಾಡು ಇನ್ನೂ ಕಠಿಣ. ಹೆಣ್ಣುದನಿ ಕೇಳಿದೊಡನೆ ಸಲಹೆಯ ಸುರಿಮಳೆ ಸುರುವಾಗುತ್ತದೆ. ಆಕೆ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದರೂ ಅಷ್ಟೆ. ದನಿ ಮುಚ್ಚಿಟ್ಟು, ಹೆಸರು ಬದಲಿಸಿ ಆಡುವ ಹುಡುಗಿಯರಿದ್ದಾರೆ. ಆಟವನ್ನೇ ಬಿಟ್ಟವರೂ ಇದ್ದಾರೆ. ಒಳ್ಳೆಯ ಆಟಗಾರ್ತಿಯೊಬ್ಬಳನ್ನು ಒಳ್ಳೆಯ ಮಾತುಗಳಿಂದಲೇ ಅಂಗಳದಿಂದ ಹೊರಗೆ ಕಳಿಸುವುದು ಹೀಗೆ.

ಚದುರಂಗದವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಆಟ ಮುಗಿದು ಕೈಕುಲುಕಿದ ಮೇಲೆ ಇಬ್ಬರೂ ಅಲ್ಲೇ ಕೂತು ಕಾಯಿಗಳನ್ನು ಹಿಂದಕ್ಕೆ ನಡೆಸುತ್ತ, ಎಲ್ಲಿ ಕೆಟ್ಟಿತು ಎಂದು ಹುಡುಕುತ್ತಾರೆ. ಇದಕ್ಕೆ ಅವರ ನಡುವೆ 'ಪೋಸ್ಟ್‌ಮಾರ್ಟಂ' ಎಂದೇ ಹೆಸರು. ಅಲ್ಲಿಯವರೆಗೆ ತುಟಿ ಬಿಗಿಹಿಡಿದು ನಿಂತಿದ್ದ ನೋಡುಗರು ಆಗ ಮುಂದೆ ಬರುತ್ತಾರೆ, ಯಾರೂ ತಡೆಯುವುದಿಲ್ಲ. "ಇಲ್ಲಿ ಕುದುರೆ ನಡೆಸಿದ್ದರೆ?" ಎನ್ನುತ್ತಾರೆ. ಸೋತವನೇ ಕುದುರೆಯನ್ನು ಎತ್ತಿ ಆ ಮನೆಯಲ್ಲಿ ಇಟ್ಟು ನೋಡುತ್ತಾನೆ. ಗೆದ್ದವನು ತನ್ನ ಒಂಟೆಯನ್ನು ಸರಿಸಿ ಉತ್ತರ ಕೊಡುತ್ತಾನೆ. ಅರ್ಧ ತಾಸಿನ ಆಟಕ್ಕೆ ಕೆಲವೊಮ್ಮೆ ಎರಡು ತಾಸಿನ ಪೋಸ್ಟ್‌ಮಾರ್ಟಂ ನಡೆಯುತ್ತದೆ, ಚಹಾ ಆರಿಹೋಗಿರುತ್ತದೆ.